ಪದಚರ್ಚೆ: ‘ಗನ್ ಬೈಬ್ಯಾಕ್’ ಅನ್ನುವುದನ್ನು ‘ಮರುಖರೀದಿ’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನಿರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಇಲ್ಲಿನ ಕನ್ನಡ ಕೂಟದ ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ನೆರವು ಬೇಕು.

ಪದ ‘ಗನ್ ಬೈಬ್ಯಾಕ್’. ನಗರಸಭೆಯವರೋ ಪೊಲೀಸರೋ ಒಂದು ದಿನ ಗೊತ್ತು ಮಾಡುತ್ತಾರೆ. ಜನ ಮನೆಯಲ್ಲಿರುವ ಬಂದೂಕು ತಂದುಕೊಟ್ಟರೆ ದುಡ್ಡು ಇಲ್ಲವೇ ಅಂಗಡಿಯ ಗಿಫ್ಟ್ ಕಾರ್ಡ್ ಕೊಡುತ್ತಾರೆ. ನೀವು ಯಾರು, ಎಲ್ಲಿಂದ ತಂದಿರಿ ಅಂತ ಕೇಳುವುದಿಲ್ಲ. ನಾನು ಇದನ್ನು ‘ಬಂದೂಕು ಮರುಖರೀದಿ’ ಅಂತ ಬರೆದೆ. ಕರಡನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡಿಕೊಂಡಿದ್ದಾರೆ. ಎರಡನೇ ಸಾಲಿಗೇ ತಡೆದರು.

“ಆ ಕೋವಿನೆಲ್ಲ ಮೊದ್ಲು ಮಾರಿದ್ದು ಸರ್ಕಾರನಾ?”

“ಇಲ್ಲ ಅಪ್ಪ, ಅಂಗಡಿಯವರು.”

“ಮತ್ತೆ, ತಾನು ಮಾರದೇ ಇದ್ದಿದ್ದನ್ನ ಸರ್ಕಾರ ಮರುಖರೀದಿ ಹೆಂಗೆ ಮಾಡುತ್ತೆ?”

ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಈ ಪದವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ನೋಡಿದಷ್ಟೂ, ತಪ್ಪು ಬರೀ ಅನುವಾದದ್ದಲ್ಲ ಅನಿಸುತ್ತಿದೆ. ಇಂಗ್ಲಿಷಿನ ಮೂಲ ಪದವೇ ಆ ಕೆಲಸವನ್ನು ಸರಿಯಾಗಿ ಹೇಳುವುದಿಲ್ಲ.

‘ಮರುಖರೀದಿ’ ನಮ್ಮ ಪತ್ರಿಕೆಗಳಲ್ಲಿ ಚೆನ್ನಾಗಿ ನೆಲೆಯೂರಿದ ಪದ. 2017ರಲ್ಲಿ ಇನ್ಫೋಸಿಸ್ 13,000 ಕೋಟಿ ರೂಪಾಯಿಯ ಷೇರು ಮರುಖರೀದಿ ಮಾಡಿತು. ಅಲ್ಲಿ ‘ಮರು’ ಅನ್ನುವುದಕ್ಕೆ ಅರ್ಥವಿದೆ. ಷೇರು ಕಂಪನಿಯಿಂದಲೇ ಹೊರಟದ್ದು, ತಿರುಗಿ ಕಂಪನಿಗೇ ಬಂತು. ಬಂದೂಕಿನ ವಿಷಯದಲ್ಲಿ ಹಾಗೆ ಹೊರಟದ್ದೂ ಇಲ್ಲ, ತಿರುಗಿ ಬಂದದ್ದೂ ಇಲ್ಲ. ‘ಬ್ಯಾಕ್’ ಅಂದ ಕೂಡಲೇ ಬಂದೂಕಿನ ಮೇಲೆ ಸರ್ಕಾರಕ್ಕೆ ಮೊದಲೇ ಏನೋ ಹಕ್ಕಿತ್ತು, ಅದನ್ನು ವಾಪಸ್ ಪಡೆಯುತ್ತಿದೆ ಅನ್ನುವ ಭಾವನೆ ಬರುತ್ತದೆ. ಇಲ್ಲಿನ ಬಂದೂಕು ಮಾಲೀಕರಲ್ಲಿ ಅನೇಕರಿಗೆ ಸಿಟ್ಟು ಬರುವುದು ಈ ಕಾರಣಕ್ಕೇ. ಅವರ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಆದರೆ ಪದದ ಬಗ್ಗೆ ಅವರು ಹೇಳುವುದು ಸರಿ.

ಮಲೆನಾಡಿನವರಿಗೆ ಕೋವಿ ‘ವಾಪಸ್’ ಬರುವುದು ಬೇರೆ ಥರ ಗೊತ್ತು. ಚುನಾವಣೆ ಬಂತೆಂದರೆ ಅಪ್ಪ ಜೋಡುನಳಿಗೆ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಠಾಣೆಗೆ ಹೋಗುತ್ತಾರೆ. ಇದಕ್ಕೆ ‘ಕೋವಿ ಠೇವಣಿ’ ಅನ್ನುತ್ತೇವೆ. ಒಂದು ರಸೀದಿ ಕೊಡುತ್ತಾರೆ. ಚುನಾವಣೆ ಮುಗಿದ ಮೇಲೆ ರಸೀದಿ ತೋರಿಸಿ ಕೋವಿ ತರಬೇಕು. ಅಷ್ಟು ದಿನ ತೋಟದಲ್ಲಿ ಮಂಗಗಳದ್ದೇ ರಾಜ್ಯ. ‘ಠೇವಣಿ’ ಎಷ್ಟು ಸರಿಯಾದ ಪದ ನೋಡಿ. ಇಟ್ಟದ್ದು ನಿನ್ನದೇ, ಮರಳಿ ಬರುತ್ತದೆ ಅನ್ನುವುದು ಆ ಪದದಲ್ಲೇ ಇದೆ. ಅಮೆರಿಕದ ಕಾರ್ಯಕ್ರಮದಲ್ಲಿ ಕೊಟ್ಟ ಬಂದೂಕು ಮನೆಗೆ ಮರಳುವುದಿಲ್ಲ. ಆದರೂ ಅದರ ಹೆಸರಿನಲ್ಲಿ ‘ಬ್ಯಾಕ್’ ಇದೆ.

ಅಂಥದ್ದೊಂದು ಕಾರ್ಯಕ್ರಮ ಹೇಗಿರುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಬೀರುವಿನಲ್ಲಿ ಅವರದ್ದೊಂದು ರೈಫಲ್, ಒಂದು ರಿವಾಲ್ವರ್ ಹಾಗೇ ಉಳಿದಿದ್ದವು. ಮೊಮ್ಮಕ್ಕಳು ಬಂದಾಗಲೆಲ್ಲ ಅಜ್ಜಿಗೆ ಅದೇ ಚಿಂತೆ. ಅವರಿಗೆ ಕಾರು ಓಡಿಸಲು ಆಗುವುದಿಲ್ಲ ಅಂತ ನಾನೇ ಕರೆದುಕೊಂಡು ಹೋದೆ. ಒಂದು ಚರ್ಚಿನ ಪಾರ್ಕಿಂಗ್ ಜಾಗ. ಕಾರುಗಳ ಸಾಲು. ಇಳಿಯುವ ಹಾಗಿಲ್ಲ. ಬಂದೂಕಿನಲ್ಲಿ ಗುಂಡು ಇರಬಾರದು, ಅದು ಡಿಕ್ಕಿಯಲ್ಲೇ ಇರಬೇಕು. ಪೊಲೀಸರೊಬ್ಬರು ಡಿಕ್ಕಿ ತೆಗೆದು, ಸ್ನಾನದ ಟವೆಲ್‌ನಲ್ಲಿ ಸುತ್ತಿದ್ದ ರಿವಾಲ್ವರನ್ನು ಬಿಚ್ಚಿ ನೋಡಿದರು. ಗುಂಡು ತುಂಬುವ ಉರುಳೆ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಎರಡಕ್ಕೂ ಚೀಟಿ ಕಟ್ಟಿದರು. ಕಿಟಕಿಯಲ್ಲಿ ಕಾರ್ಡ್ ಕೊಟ್ಟರು. ಆಯಿತು. ಗೇಟಿನ ಹೊರಗೆ ಒಬ್ಬಾತ ರಟ್ಟಿನ ಫಲಕ ಹಿಡಿದು ನಿಂತಿದ್ದ. ಒಳ್ಳೆಯ ಬಂದೂಕಿದ್ದರೆ ಪೊಲೀಸರಿಗಿಂತ ಜಾಸ್ತಿ ದುಡ್ಡು ಕೊಡುತ್ತೇನೆ ಅಂತ ಬರೆದಿತ್ತು. ನಮ್ಮ ಹಿಂದಿನ ಕಾರಿನವನು ಸಾಲಿನಿಂದ ಹೊರಗೆ ತಿರುಗಿಸಿಕೊಂಡು ಆತನ ಹತ್ತಿರ ಹೋದ.

ಅಜ್ಜಿಗೆ ಅವತ್ತು ನೆಮ್ಮದಿಯಾಯಿತು. ಅದು ದೊಡ್ಡ ವಿಷಯವೇ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. ಬೇಡದ ಬಂದೂಕು ಮನೆಯಿಂದ ಹೋಗುವುದು ಆ ಮನೆಗೆ ಒಳ್ಳೆಯದು. ನನಗೆ ಬೇಸರವಾಗಿದ್ದು ಮರುದಿನದ ಪ್ರಕಟಣೆ ಓದಿ. ಇಷ್ಟು ಬಂದೂಕುಗಳನ್ನು ‘ಬೀದಿಯಿಂದ ತೆಗೆದೆವು’ ಅಂತ ಅದರಲ್ಲಿತ್ತು. ಇದು ಇಲ್ಲಿನ ಸಿದ್ಧ ಮಾತು, ಎಲ್ಲ ಊರಿನವರೂ ಹೇಳುತ್ತಾರೆ. ನಾನು ಅದನ್ನೂ ಹಾಗೇ ಕನ್ನಡಕ್ಕೆ ಇಳಿಸಿದ್ದೆ. ಓದಿದರೆ ಬಂದೂಕುಗಳು ರಸ್ತೆಯಲ್ಲಿ ಬಿದ್ದಿದ್ದವೇನೋ ಅನಿಸುತ್ತದೆ. ಅವರು ಹೇಳಬಯಸುವುದು ‘ಪುಂಡರ ಕೈಯಿಂದ’ ಅಂತ. ಆದರೆ ಆ ಎರಡು ಬಂದೂಕು ಬಂದದ್ದು ಅಜ್ಜಿಯ ಬೀರುವಿನಿಂದ. ನಾನೀಗ ಆ ಸಾಲನ್ನು ‘ಮನೆಗಳಿಂದ ಬಂದವು’ ಅಂತ ತಿದ್ದಿದ್ದೇನೆ.

ಇದು ಒಂದು ಊರಿನ ಕಥೆಯಲ್ಲ. 1974ರಲ್ಲಿ ಬಾಲ್ಟಿಮೋರ್ ಪೊಲೀಸರು ಬಂದೂಕಿಗೆ 50 ಡಾಲರ್‌ನಂತೆ ಕೊಟ್ಟು ಸುಮಾರು 13,500 ಬಂದೂಕು ಪಡೆದರು. ಆ ದಿನಗಳಲ್ಲೇ ಬಂದೂಕಿನ ಕೊಲೆ, ಹಲ್ಲೆ ಇಳಿಯುವ ಬದಲು ಏರಿದವು. ಈ ಯೋಜನೆಗಳ ಹಿಂದಿನ ತರ್ಕವೇ ಸರಿಯಿಲ್ಲ ಅಂತ ಅಮೆರಿಕದ ವಿಜ್ಞಾನ ಅಕಾಡೆಮಿಗಳ ಸಂಶೋಧನಾ ಮಂಡಳಿಯಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2005ರ ವರದಿಯಲ್ಲಿ ಹೇಳಿತು. ತಂದುಕೊಡುವವರು ಅಪರಾಧ ಮಾಡುವವರಲ್ಲ, ಬರುವ ಬಂದೂಕು ಹೆಚ್ಚಾಗಿ ಹಳೆಯದು, ಬೇಕಾದವರಿಗೆ ಇನ್ನೊಂದು ಸುಲಭವಾಗಿ ಸಿಗುತ್ತದೆ. 1991ರಿಂದ 2015ರವರೆಗಿನ ಇಂಥ ಕಾರ್ಯಕ್ರಮಗಳನ್ನು ಮೂವರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2021ರಲ್ಲಿ ಬರೆದರು. ಬಂದೂಕಿನ ಅಪರಾಧ ಇವುಗಳಿಂದ ಕಡಿಮೆಯಾಯಿತು ಅನ್ನುವುದಕ್ಕೆ ಅವರಿಗೆ ಸಾಕ್ಷಿ ಸಿಗಲಿಲ್ಲ. ಅಮೆರಿಕದ ಜನರ ಹತ್ತಿರ ಸುಮಾರು 39 ಕೋಟಿ ಬಂದೂಕುಗಳಿವೆ ಅಂತ 2018ರ ಒಂದು ಅಂದಾಜು. ಅದರ ಮುಂದೆ ಒಂದು ಶನಿವಾರದ ನೂರಿನ್ನೂರು ಬಂದೂಕು ಯಾವ ಲೆಕ್ಕ?

ಇಷ್ಟು ಬರೆದರೆ ಓದುಗರು ಕೇಳುವುದು ಗ್ಯಾರಂಟಿ: ಹಾಗಾದರೆ ಆಸ್ಟ್ರೇಲಿಯಾದಲ್ಲಿ ಹೇಗೆ ಆಯಿತು? ನನ್ನ ಮುಖ್ಯ ತೊಡಕು ಇರುವುದು ಇಲ್ಲೇ. 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ 35 ಜನರನ್ನು ಕೊಂದ. ಪ್ರಧಾನಿ ಜಾನ್ ಹೋವರ್ಡ್ ಸರ್ಕಾರ ರಾಜ್ಯಗಳನ್ನು ಒಪ್ಪಿಸಿ ಕಾನೂನು ಬಿಗಿ ಮಾಡಿಸಿತು. ಕೆಲವು ಬಗೆಯ ಬಂದೂಕುಗಳನ್ನು ಇಟ್ಟುಕೊಳ್ಳುವುದೇ ಅಪರಾಧವಾಯಿತು. ಇಟ್ಟುಕೊಂಡಿದ್ದವರು ತಂದುಕೊಡಲೇಬೇಕು, ಅದಕ್ಕೆ ಸರ್ಕಾರ ಬೆಲೆ ಕಟ್ಟಿ ದುಡ್ಡು ಕೊಡುತ್ತದೆ. ಆ ದುಡ್ಡಿಗಾಗಿ ಒಂದು ವರ್ಷ ಮೆಡಿಕೇರ್ ತೆರಿಗೆಯನ್ನು (ಸರ್ಕಾರಿ ಆರೋಗ್ಯ ಸೇವೆಗೆಂದು ಕಟ್ಟುವ ತೆರಿಗೆ) ಆದಾಯದ ಶೇ. 0.2ರಷ್ಟು ಏರಿಸಿದರು. ಸುಮಾರು 6.5 ಲಕ್ಷ ಬಂದೂಕು ಬಂದವು. 2019ರಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನ ಸತ್ತ ಮೇಲೆ ನ್ಯೂಜಿಲೆಂಡ್ ಕೂಡ ಇದನ್ನೇ ಮಾಡಿತು. ಅಲ್ಲಿ ಸುಮಾರು 56,000 ಬಂದೂಕು ಬಂದವು.

ಇಂಗ್ಲಿಷಿನಲ್ಲಿ ಇದಕ್ಕೂ ‘ಬೈಬ್ಯಾಕ್’, ಚರ್ಚಿನ ಪಾರ್ಕಿಂಗ್‌ನಲ್ಲಿ ನಡೆದದ್ದಕ್ಕೂ ‘ಬೈಬ್ಯಾಕ್’. ಒಂದರ ಹಿಂದೆ ಇಡೀ ದೇಶದ ಕಾನೂನಿದೆ, ಇನ್ನೊಂದರ ಹಿಂದೆ ಒಂದು ಊರಿನ ಒಳ್ಳೆಯ ಮನಸ್ಸು ಮಾತ್ರ. ಆಸ್ಟ್ರೇಲಿಯಾದ ಹೆಸರು ಹೇಳಿ ನಮ್ಮೂರಿನ ಕಾರ್ಯಕ್ರಮಕ್ಕೆ ಹಣ ಕೇಳುವವರನ್ನು ಸಭೆಗಳಲ್ಲಿ ನೋಡಿದ್ದೇನೆ. ಅವರದ್ದು ಮೋಸವಲ್ಲ, ಪದ ಒಂದೇ ಆದ್ದರಿಂದ ಕೆಲಸವೂ ಒಂದೇ ಅಂದುಕೊಂಡಿದ್ದಾರೆ. ಕನ್ನಡದಲ್ಲಾದರೂ ಎರಡಕ್ಕೂ ‘ಮರುಖರೀದಿ’ ಅಂದು ಆ ಗೊಂದಲವನ್ನು ಇಲ್ಲಿಗೂ ತರುವುದು ಬೇಡ.

ಆಸ್ಟ್ರೇಲಿಯಾದ್ದಕ್ಕೆ ನಮ್ಮಲ್ಲಿ ಪದ ಸಿದ್ಧವಾಗಿದೆ ಅಂತ ನನ್ನ ಅನಿಸಿಕೆ. ರಸ್ತೆಗೋ ಅಣೆಕಟ್ಟಿಗೋ ಸರ್ಕಾರ ಜಮೀನು ತೆಗೆದುಕೊಂಡು ಪರಿಹಾರ ಕೊಟ್ಟರೆ ಅದನ್ನು ಯಾರೂ ಖರೀದಿ ಅನ್ನುವುದಿಲ್ಲ, ‘ಭೂಸ್ವಾಧೀನ’ ಅನ್ನುತ್ತೇವೆ. ದುಡ್ಡು ಸಿಗುತ್ತದೆ, ಆದರೆ ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಅದೇ ಜಾಡಿನಲ್ಲಿ ‘ಬಂದೂಕು ಸ್ವಾಧೀನ’ ಅಂದರೆ ಹೇಗೆ?

ಊರಿನ ಕಾರ್ಯಕ್ರಮಕ್ಕೆ ‘ಬಂದೂಕು ಒಪ್ಪಿಸುವ ಶಿಬಿರ’ ಅನ್ನೋಣ ಅಂತ ಇದ್ದೇನೆ. ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ ಶಿಬಿರ ಇದ್ದ ಹಾಗೆ. ಒಂದು ದಿನದ್ದು, ಮನಸ್ಸಿದ್ದವರು ಬರುತ್ತಾರೆ, ಯಾರಿಗೂ ಬಲವಂತವಿಲ್ಲ ಅನ್ನುವುದು ‘ಶಿಬಿರ’ದಲ್ಲೇ ಬಂತು. ‘ಶರಣಾಗತಿ’ ಬೇಡ, ಅದು ಕಾಡಿನಿಂದ ಬಂದ ನಕ್ಸಲರ ಸುದ್ದಿಯ ಪದವಾಗಿಬಿಟ್ಟಿದೆ. ‘ಒಪ್ಪಿಸು’ವಿನಲ್ಲಿ ತಪ್ಪಿತಸ್ಥರ ವಾಸನೆ ಇಲ್ಲ. ಮಕ್ಕಳು ಪಾಠ ಒಪ್ಪಿಸುತ್ತಾರೆ, ಅಧಿಕಾರಿಗಳು ವರದಿ ಒಪ್ಪಿಸುತ್ತಾರೆ. ಕೊರತೆ ಒಂದೇ, ದುಡ್ಡು ಕೊಡುತ್ತಾರೆ ಅನ್ನುವುದು ಇದರಲ್ಲಿ ಬರಲಿಲ್ಲ.

ಇನ್ನು ‘ನಾಶ’. ಬಂದ ಬಂದೂಕುಗಳನ್ನು ‘ನಾಶಪಡಿಸಲಾಗುತ್ತದೆ’ ಅಂತ ಬರೆದಿದ್ದೆ. 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿ ಓದಿದವರಿಗೆ ಹಾಗೆ ಬರೆಯಲು ಕೈ ಬರುವುದಿಲ್ಲ. ಅಮೆರಿಕದ ಕಾನೂನಿನ ಪ್ರಕಾರ ಬಂದೂಕು ಅಂದರೆ ಮುಖ್ಯವಾಗಿ ಅದರ ನಡುವಿನ ಒಂದು ಭಾಗ. ಪೊಲೀಸರು ನಾಶಕ್ಕೆಂದು ಕೊಟ್ಟ ಬಂದೂಕುಗಳಲ್ಲಿ ಆ ಒಂದು ಭಾಗವನ್ನು ಮಾತ್ರ ಪುಡಿ ಮಾಡಿ, ನಳಿಗೆ, ಕುದುರೆ, ಹಿಡಿ ಎಲ್ಲವನ್ನೂ ಬಿಡಿಭಾಗಗಳಾಗಿ ಮಾರುವ ಕಂಪನಿಗಳಿವೆ. ಕೊಂಡವನು ಆ ಒಂದು ಭಾಗ ಹೊಸದು ತಂದು ಜೋಡಿಸಿಕೊಂಡರೆ ಮತ್ತೆ ಬಂದೂಕು. ಅಜ್ಜಿಯ ರೈಫಲ್ ಈಗ ಎಲ್ಲಿದೆಯೋ ಅಂತ ನನಗೆ ಆಗಾಗ ಅನಿಸುತ್ತದೆ. ಅರಿಜೋನಾದಲ್ಲಂತೂ ಪೊಲೀಸರು ಹೀಗೆ ಪಡೆದ ಬಂದೂಕುಗಳನ್ನು ಕೆಡಿಸುವ ಹಾಗಿಲ್ಲ, ವ್ಯಾಪಾರಿಗಳಿಗೆ ಮಾರಬೇಕು ಅಂತ 2013ರಲ್ಲಿ ಕಾನೂನೇ ಬಂತು. ಅಂಥ ಬಂದೂಕು ಮುಂದೆ ಇನ್ನೊಂದು ಶಿಬಿರಕ್ಕೆ ಬಂದರೆ ಅದೊಂದನ್ನು ಮಾತ್ರ ಮರುಖರೀದಿ ಅನ್ನಬಹುದು.

‘ಬಂದೂಕು’ ಅನ್ನುವ ಪದವೂ ಗಟ್ಟಿಯಿಲ್ಲ. 2022ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದ ಯೂಟಿಕಾ ಊರಿನ ಶಿಬಿರಕ್ಕೆ ವೆಸ್ಟ್ ವರ್ಜೀನಿಯಾದಿಂದ ಒಬ್ಬಾತ ಬಂದ. 3ಡಿ ಪ್ರಿಂಟರ್‌ನಲ್ಲಿ ಮಾಡಿದ ಸಣ್ಣ ಪ್ಲಾಸ್ಟಿಕ್ ಭಾಗಗಳನ್ನು ರಾಶಿ ತಂದಿದ್ದ. ಅವನ್ನೂ ಬಂದೂಕಿನ ಲೆಕ್ಕಕ್ಕೆ ಹಿಡಿದು 21,000 ಡಾಲರ್‌ನ ಗಿಫ್ಟ್ ಕಾರ್ಡ್ ಕೊಟ್ಟರು. ನಿಯಮ ತಿದ್ದಿದ್ದು ಆಮೇಲೆ.

ಅಪ್ಪನ ಬಾಯಲ್ಲಿ ಇದೆಲ್ಲವೂ ‘ಕೋವಿ’. ನನಗೂ ಅದೇ ಇಷ್ಟ. ಆದರೆ ಕೋವಿ ಅಂದರೆ ಮಲೆನಾಡು, ಕೊಡಗಿನವರ ಕಣ್ಣ ಮುಂದೆ ಉದ್ದ ನಳಿಗೆಯದ್ದೇ ಬರುತ್ತದೆ. ಅಮೆರಿಕದಲ್ಲಿ ಬಂದೂಕಿನ ಕೊಲೆಗಳಲ್ಲಿ ಹೆಚ್ಚಿನವು ಆಗುವುದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪಿಸ್ತೂಲಿನಿಂದ. ಆದ್ದರಿಂದ ಸದ್ಯಕ್ಕೆ ‘ಬಂದೂಕು’ ಉಳಿಸಿಕೊಂಡಿದ್ದೇನೆ, ಅದೂ ಪೂರ್ತಿ ಒಪ್ಪಿಗೆಯಿಂದ ಅಲ್ಲ.

ಹಾಗಾಗಿ ಕೇಳುವುದು ಇಷ್ಟು. ‘ಸ್ವಾಧೀನ’, ‘ಒಪ್ಪಿಸುವ ಶಿಬಿರ’ ಎರಡೂ ನಿಮ್ಮ ಕಿವಿಗೆ ಸರಿ ಕೇಳುತ್ತವೆಯೇ? ಕೈಗೆ ಹಿಡಿಯುವ ಪಿಸ್ತೂಲು, ರಿವಾಲ್ವರ್, ಉದ್ದದ ಕೋವಿ ಎಲ್ಲಕ್ಕೂ ಸಲ್ಲುವ ಪದ ನಿಮ್ಮ ಕಡೆ ಮಾತಿನಲ್ಲಿ ಇದೆಯೇ? ದುಡ್ಡು ಕೊಟ್ಟು ಬೇಡದ ವಸ್ತು ತೆಗೆದುಕೊಳ್ಳುವುದಕ್ಕೆ, ಗುಜರಿಯವರು ಬಳಸುವ ಮಾತು ಬಿಟ್ಟು, ಬೇರೆ ಏನಾದರೂ ಬಳಕೆಯಲ್ಲಿದ್ದರೆ ತಿಳಿಸಿ. ಲೇಖನ ಇನ್ನು ಹತ್ತು ದಿನದಲ್ಲಿ ಅಚ್ಚಿಗೆ ಹೋಗಬೇಕು. ಅದಕ್ಕೆ ಮೊದಲು ಅಪ್ಪನಿಗೆ ಇನ್ನೊಮ್ಮೆ ಓದಿ ಹೇಳಬೇಕು.