ಸಹಾಯ ಬೇಕು: ಎರಡೂವರೆ ವರ್ಷದ ಮಗ, ಮೊಬೈಲ್ ಜಾಸ್ತಿ, ಮಾತು ಕಡಿಮೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಊಟಕ್ಕೆ ಕೂತರೆ ಮೊಬೈಲ್ ಬೇಕೇ ಬೇಕು. ವಿಡಿಯೋ ನಿಂತರೆ ತುತ್ತು ಕೆನ್ನೆಯಲ್ಲೇ ಉಳಿಯುತ್ತದೆ. ಇಂಗ್ಲಿಷ್‌ನಲ್ಲಿ ಬಣ್ಣಗಳ ಹೆಸರನ್ನು ಗಿಣಿಯ ಹಾಗೆ ಹೇಳುತ್ತಾನೆ. ಆದರೆ "ಅಮ್ಮಾ, ನೀರು" ಅನ್ನಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಬಿಂದಿಗೆ ತೋರಿಸುತ್ತಾನೆ.

ತಪ್ಪು ನಮ್ಮದೇ, ಬಿಡಿ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅತ್ತೆಗೆ ಮಂಡಿ ನೋವು, ಅವನ ಹಿಂದೆ ಓಡಲು ಆಗಲ್ಲ.

ಈ ವಯಸ್ಸಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮಲ್ಲಿ 3 ದಾಟುತ್ತದೆ. ಮಗುವಿನ ಮೆದುಳು ಮಾತು ಕಲಿಯುವುದು ಎದುರಿಗಿರುವವರು ಮಾತಾಡಿ, ಅದರ ಉತ್ತರಕ್ಕೆ ಕಾದು, ಮತ್ತೆ ಮಾತಾಡಿದಾಗ. ಸ್ಕ್ರೀನ್ ಯಾರಿಗೂ ಕಾಯಲ್ಲ, ಅಲ್ವಾ?

ಬರೀ ಮೊಬೈಲ್ ಅಂತ ಸುಮ್ನೆ ಕೂರಬೇಡಿ, ಕಿವಿಯ ತೊಂದರೆ, ಆಟಿಸಂ ಕೂಡ ನೋಡಿಸಬೇಕು ಅಂದರು ಮಕ್ಕಳ ಡಾಕ್ಟರ್. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಲು ಹೇಳಿದ್ದಾರೆ. ಅಲ್ಲಿಗೆ ಮಗುವನ್ನು ಕರೆದುಕೊಂಡು ಹೋದವರು ಇದ್ದೀರಾ? ಒಂದೇ ದಿನದಲ್ಲಿ ಪರೀಕ್ಷೆ ಮುಗಿಯುತ್ತಾ, ಉಳಿದುಕೊಳ್ಳಬೇಕಾ? ಥೆರಪಿಗೆ ಎಷ್ಟು ಸಲ ಓಡಾಡಿದಿರಿ?

ಇನ್ನೊಂದು. ಊಟದ ಹೊತ್ತಿನ ಮೊಬೈಲ್ ಹೇಗೆ ಬಿಡಿಸಿದಿರಿ? ನಾವು ಒಂದೇ ಸಲ ನಿಲ್ಲಿಸಲು ಹೋಗಿ ಎರಡನೇ ರಾತ್ರಿಗೇ ಸೋತೆವು. ಅತ್ತೆಯೇ ಕಣ್ಣೀರು ಹಾಕಿಕೊಂಡು ಫೋನ್ ಕೊಟ್ಟುಬಿಟ್ಟರು.

"ಗಂಡು ಮಕ್ಕಳು ಮಾತಾಡೋದು ತಡ" ಅನ್ನುವ ಸಮಾಧಾನ ದಯವಿಟ್ಟು ಬೇಡ. ಅದು ಮನೆಯಲ್ಲೇ ಬೇಕಾದಷ್ಟು ಸಿಗುತ್ತಿದೆ.