ಕಾರವಾರ: ಎರಡು ಬೇಸಿಗೆಗೆ ಎರಡು ಸಲ ಗ್ಯಾಸ್ ತುಂಬಿಸಿದೆ, ಏಸಿ ಮತ್ತೆ ತಣ್ಣಗಾಗ್ತಿಲ್ಲ

ಕೋಡಿಬಾಗದವ:

ನಮಸ್ಕಾರ. ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ತಾರಸಿ ಮೇಲೆ ನಿಂತರೆ ಸಮುದ್ರ ಕಾಣುತ್ತದೆ. ಮೂರು ವರ್ಷದ ಹಿಂದೆ 1.5 ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಏಸಿ ಹಾಕಿಸಿದೆ. ಆರ್-32 ಗ್ಯಾಸಿನದ್ದು, ಕಾಪರ್ ಕಾಯಿಲ್. ಹೊರಗಿನ ಯೂನಿಟ್ಟು ತಾರಸಿಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ಕೂತಿದೆ.

ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಎರಡನೇ ಬೇಸಿಗೆಗೆ ತಣ್ಣಗಾಗೋದು ಕಡಿಮೆಯಾಯ್ತು, ಮೆಕ್ಯಾನಿಕ್ ಬಂದು ಗ್ಯಾಸ್ ಖಾಲಿ ಅಂತ ತುಂಬಿ ಹೋದ. ಕಳೆದ ವರ್ಷ ಮತ್ತೆ ಅದೇ ಕತೆ. ಈ ವರ್ಷ ಮಾರ್ಚ್ ಮುಗಿಯುವ ಮೊದಲೇ ಶುರುವಾಗಿದೆ. ರಾತ್ರಿ ಹೇಗೋ ನಡೆಯುತ್ತದೆ, ಮಧ್ಯಾಹ್ನ 24ಕ್ಕೆ ಇಟ್ಟರೂ ಫ್ಯಾನ್ ಹಾಕಿದ ಹಾಗೆ ಅಷ್ಟೇ. ಎರಡು ತಾಸು ಓಡಿದ ಮೇಲೆ ಒಳಗಿನ ಯೂನಿಟ್ಟಿನಿಂದ ಗೋಡೆ ಮೇಲೆ ನೀರು ಇಳಿಯುತ್ತದೆ. ನಿನ್ನೆ ತಾರಸಿಗೆ ಹೋಗಿ ನೋಡಿದರೆ ಪೈಪಿನ ಮೇಲೆ ಬಿಳಿ ಐಸ್ ಕಟ್ಟಿದೆ! ಐಸ್ ಕಟ್ಟುವಷ್ಟು ತಣ್ಣಗಿದ್ದರೆ ರೂಮ್ ಯಾಕೆ ತಣ್ಣಗಾಗ್ತಿಲ್ಲ?

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ "ಸಮುದ್ರದ ಹತ್ತಿರ ಹಾಗೇ ಸರ್, ವರ್ಷಕ್ಕೊಂದು ಸಲ ಗ್ಯಾಸ್ ಬೇಕು" ಅಂತಾನೆ. ನಿಜವಾ? ನಾನಂತೂ ಏಸಿಯನ್ನ ಚೆನ್ನಾಗೇ ನೋಡಿಕೊಂಡಿದ್ದೇನೆ. ಪ್ರತಿ ಭಾನುವಾರ ಹೊರಗಿನ ಯೂನಿಟ್ಟಿಗೆ ಪೈಪ್ ಹಿಡಿದು ನೀರು ಹಾಕಿ ತೊಳೀತೇನೆ.

ಅಂಕೋಲಾ ಈಶಾಡು:

ಮೊದಲು ಸುಲಭದ್ದು ಕೇಳ್ತೇನೆ, ಸಿಟ್ಟಾಗಬೇಡಿ. ಒಳಗಿನ ಫಿಲ್ಟರ್ ಯಾವಾಗ ತೊಳೆದಿದ್ದು? ನಮ್ಮನೆಯಲ್ಲೂ ಹೀಗೇ ಐಸ್ ಕಟ್ಟಿ ನೀರು ಸುರಿದಿತ್ತು. ನಾನು ಗ್ಯಾಸು, ಕಂಪ್ರೆಸರ್ರು, ಹೊಸ ಏಸಿಗೆ ಎಷ್ಟಾಗಬಹುದು ಅಂತೆಲ್ಲ ಲೆಕ್ಕ ಹಾಕಿ ಕೂತಿದ್ದೆ. ಹೆಂಡತಿ ಮುಚ್ಚಳ ತೆಗೆದು ಫಿಲ್ಟರ್ ಎಳೆದಳು, ಕಂಬಳಿ ಹಾಗೆ ಧೂಳು. ಗಾಳಿಯೇ ಒಳಗೆ ಹೋಗದಿದ್ದರೆ ಕಾಯಿಲ್ ಮೇಲೆ ಐಸ್ ಕಟ್ಟದೆ ಇನ್ನೇನು ಮಾಡುತ್ತದೆ.

ಕೋಡಿಬಾಗದವ:

ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೀತೇವೆ ಮಾರಾಯ್ರೆ. ಕ್ಲೀನ್ ಇದೆ.

ಕುಮಟಾ ಟೂಲ್‌ಬಾಕ್ಸ್:

ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ವರ್ಷಕ್ಕೊಂದು ಸಲ ಗ್ಯಾಸ್ ಬೇಕು ಅನ್ನೋದು ಸುಳ್ಳು. ಏಸಿಯಲ್ಲಿ ಗ್ಯಾಸ್ ಖರ್ಚಾಗೋದೇ ಇಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋರಿದ ಜಾಗ ಹುಡುಕದೆ ತುಂಬಿದರೆ ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗೆ.

ಈಗ ನಿಮ್ಮ ಐಸ್ ವಿಷಯ. ಅದು ಯಾವ ಪೈಪಿನ ಮೇಲೆ ಕಟ್ಟಿದೆ, ತೆಳು ಪೈಪಾ, ದಪ್ಪ ಪೈಪಾ? ಇದು ತುಂಬಾ ಮುಖ್ಯ. ಸ್ಪ್ಲಿಟ್ಟಿನಲ್ಲಿ ಗ್ಯಾಸಿನ ಒತ್ತಡ ಇಳಿಸುವ ವಾಲ್ವ್ ಸಾಮಾನ್ಯವಾಗಿ ಹೊರಗಿನ ಯೂನಿಟ್ಟಿನಲ್ಲೇ ಇರುತ್ತದೆ. ಅಲ್ಲಿಂದ ತಣ್ಣಗಾದ ಗ್ಯಾಸ್ ತೆಳು ಪೈಪಿನಲ್ಲಿ ಒಳಗೆ ಬರುತ್ತದೆ, ರೂಮಿನ ಸೆಕೆ ಹೀರಿಕೊಂಡು ದಪ್ಪ ಪೈಪಿನಲ್ಲಿ ವಾಪಸ್ ಹೋಗುತ್ತದೆ. ಗ್ಯಾಸ್ ಕಡಿಮೆಯಾದರೆ ಆ ಒತ್ತಡ ಇನ್ನೂ ಕೆಳಗಿಳಿಯುತ್ತದೆ, ಶುರುವಿನಲ್ಲೇ ಸೊನ್ನೆಗಿಂತ ಕೆಳಗೆ ಹೋಗಿ ತೆಳು ಪೈಪ್ ಮತ್ತು ಕಾಯಿಲಿನ ಮೊದಲ ಭಾಗದ ಮೇಲೆ ಐಸ್ ಕಟ್ಟುತ್ತದೆ. ಕಾಯಿಲಿನ ಉಳಿದ ಭಾಗ ಬೆಚ್ಚಗೇ ಇರುತ್ತದೆ. ಒಂದು ಮೂಲೆ ಮಾತ್ರ ಕೆಲಸ ಮಾಡಿದರೆ ರೂಮ್ ಹೇಗೆ ತಣ್ಣಗಾಗಬೇಕು? ಗೋಡೆ ಮೇಲಿನ ನೀರೂ ಆ ಐಸ್ ಕರಗಿದ್ದೇ ಇರಬಹುದು, ಡ್ರೇನ್ ಪೈಪ್ ಕಟ್ಟಿದೆಯಾ ಅಂತಲೂ ನೋಡಿ. ದಪ್ಪ ಪೈಪಿನವರೆಗೂ ಐಸ್ ಬಂದಿದ್ದರೆ ಅದು ಸಾಧಾರಣವಾಗಿ ಗಾಳಿ ಓಡಾಟದ ತೊಂದರೆ. ಫಿಲ್ಟರ್, ಬ್ಲೋವರ್, ಕಾಯಿಲಿಗೆ ಹಿಡಿದ ಕೊಳೆ. ಅಂಕೋಲದವರದ್ದು ಅದೇ ಆಗಿತ್ತು.

ಐಸ್ ಕಂಡರೆ ಏಸಿ ಆಫ್ ಮಾಡಿ, ಬರೀ ಫ್ಯಾನ್ ಮೋಡಿಗೆ ಹಾಕಿ ಪೂರ್ತಿ ಕರಗಿಸಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಒಂದು ಮನೆಯಲ್ಲಿ ಹಾಗೆ ಮಾಡಿ ಕಾಯಿಲಿಗೇ ತೂತು ಹಾಕಿದ್ದರು.

ಇನ್ನೊಂದು ಮಾತು. ಪ್ರತಿ ಭಾನುವಾರ ತೊಳೀತೇನೆ ಅಂದಿರಲ್ಲ, ಯಾವ ನೀರಿನಲ್ಲಿ?

ಕೋಡಿಬಾಗದವ:

ಐಸ್ ತೆಳು ಪೈಪಿನ ಮೇಲೇ. ದಪ್ಪದ್ದು ಮುಟ್ಟಿದರೆ ತಣ್ಣಗೂ ಇಲ್ಲ.

ನೀರು ಬಾವಿಯದ್ದು. ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗುತ್ತದೆ, ಕುಡಿಯೋಕೆ ನಲ್ಲಿ ನೀರು ಬೇರೆ ಇದೆ. ಅಯ್ಯೋ, ಈಗ ಅರ್ಥ ಆಯ್ತು ನೀವು ಯಾಕೆ ಕೇಳಿದ್ದು ಅಂತ.

ಕುಮಟಾ ಟೂಲ್‌ಬಾಕ್ಸ್:

ಅದೇ ನೋಡಿ. ಸಮುದ್ರದ ಗಾಳಿ ತರೋ ಉಪ್ಪು ಸಾಲದು ಅಂತ ನೀವೂ ವಾರವಾರ ಉಪ್ಪು ಹಾಕಿದ್ದೀರಿ 😄 ಬೇಜಾರು ಮಾಡ್ಕೋಬೇಡಿ. ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ.

ಕಾಪರ್ ಕಾಯಿಲ್ ಅಂದರೂ ಕೊಳವೆ ಮಾತ್ರ ತಾಮ್ರ. ಅದಕ್ಕೆ ಹೊಂದಿಕೊಂಡ ತೆಳು ರೆಕ್ಕೆಗಳು ಅಲ್ಯೂಮಿನಿಯಮ್ಮು. ಎರಡು ಲೋಹದ ಮಧ್ಯೆ ಉಪ್ಪು ನೀರು ನಿಂತರೆ ಬ್ಯಾಟರಿ ಸೆಲ್ಲಿನ ಹಾಗಾಗಿ ಅಲ್ಯೂಮಿನಿಯಂ ಮೊದಲು ಸವೆಯುತ್ತದೆ. ಬೆರಳಲ್ಲಿ ಮುಟ್ಟಿ ನೋಡಿ, ಬಿಳಿ ಪುಡಿ ಉದುರಿದರೆ ಅದೇ. ರೆಕ್ಕೆ ಹೋದರೆ ಸೆಕೆ ಹೊರಗೆ ಬಿಡೋಕಾಗೋದಿಲ್ಲ. ಮಧ್ಯಾಹ್ನ ಕೈಕೊಟ್ಟು ರಾತ್ರಿ ಸುಮಾರಾಗಿ ನಡೆಯೋದಕ್ಕೆ ಇದೂ ಒಂದು ಕಾರಣ ಇರಬಹುದು. ತೊಳೆಯೋದು ಒಳ್ಳೇದೇ, ಆದರೆ ಸಿಹಿ ನೀರಿನಲ್ಲಿ. ಮೇನ್ ಆಫ್ ಮಾಡಿ ಮೆಲ್ಲಗೆ ಹಾಕಿ. ಕಾರು ತೊಳೆಯುವ ಪ್ರೆಶರ್ ಮಷಿನ್ ಬೇಡ, ರೆಕ್ಕೆ ಮಡಚಿ ಹೋಗುತ್ತವೆ.

ಮೆಕ್ಯಾನಿಕ್ ಬಂದಾಗ ಹೀಗೆ ಹೇಳಿ. ಮೊದಲು ಪೈಪ್ ಸೇರುವ ಕಡೆ ಎಲ್ಲ ಎಣ್ಣೆ ಜಿಡ್ಡಿಗೆ ಹುಡುಕಲಿ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಗೆ ಬರುತ್ತದೆ, ಅದಕ್ಕೆ ಧೂಳು ಹಿಡಿದು ಕಪ್ಪಾಗಿರುತ್ತದೆ. ಆಮೇಲೆ ಸೋಪಿನ ನೊರೆ ಹಚ್ಚಲಿ. ಸಿಗಲಿಲ್ಲ ಅಂದರೆ ಗ್ಯಾಸ್ ತೆಗೆದು ನೈಟ್ರೋಜನ್ ತುಂಬಿ ಒಂದು ರಾತ್ರಿ ಬಿಡಲಿ, ಬೆಳಿಗ್ಗೆ ಒತ್ತಡದ ಗೇಜಿನ ಮುಳ್ಳು ಇಳಿದಿದೆಯಾ ನೋಡೋದು. ರಿಪೇರಿ ಆದ ಮೇಲೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯೋಕೆ ವ್ಯಾಕ್ಯೂಮ್ ಪಂಪ್ ಹಾಕಲೇಬೇಕು. "ಗ್ಯಾಸಿನಿಂದಲೇ ಗಾಳಿ ಓಡಿಸ್ತೇನೆ" ಅಂದರೆ ಕಳಿಸಿಬಿಡಿ. ಗ್ಯಾಸ್ ತೂಕ ಮಾಡಿ ತುಂಬಬೇಕು, ಎಷ್ಟು ಗ್ರಾಂ ಅಂತ ಹೊರಗಿನ ಯೂನಿಟ್ಟಿನ ಸ್ಟಿಕ್ಕರ್ ಮೇಲೇ ಇರುತ್ತದೆ. ಇನ್ವರ್ಟರ್‌ನಲ್ಲಿ ಕಂಪ್ರೆಸರ್ ವೇಗ ಬದಲಾಗುತ್ತಾ ಇರುತ್ತದೆ, ಬರೀ ಗೇಜ್ ನೋಡಿ ಅಂದಾಜಿಗೆ ತುಂಬಿದರೆ ತಪ್ಪುತ್ತದೆ. ಆರ್-32ಗೆ ಬೆಂಕಿ ಹತ್ತುವ ಗುಣ ಸ್ವಲ್ಪ ಇದೆ, ಗ್ಯಾಸ್ ಒಳಗಿರುವಾಗ ವೆಲ್ಡಿಂಗ್ ಮಾಡೋಕೆ ಬಿಡಬೇಡಿ.

ಶಿರಸಿ ಮಳೆಗಾಲ:

ಮಧ್ಯೆ ನನ್ನದೂ ಒಂದು ಪ್ರಶ್ನೆ, ಬೇರೆ ಥ್ರೆಡ್ ಯಾಕೆ ಅಂತ. ನಾವು ಶಿರಸಿಯವರು. ಆಯಿಗೆ ಡಿಸೆಂಬರ್ ಚಳಿ ತಡೆಯೋದಿಲ್ಲ ಅಂತ ಬಿಸಿ-ತಂಪು ಎರಡೂ ಇರುವ ಸ್ಪ್ಲಿಟ್ ಹಾಕಿಸಿದ್ದೆವು. ಹೀಟ್ ಮೋಡಿಗೆ ಹಾಕಿದರೆ ಮೂರ್ನಾಲ್ಕು ನಿಮಿಷ ಫ್ಯಾನೇ ತಿರುಗೋದಿಲ್ಲ. ಆಮೇಲೆ ಬಿಸಿ ಗಾಳಿ ಬರುತ್ತದೆ, ಆದರೆ ಹೊರಗಿನ ಯೂನಿಟ್ಟಿನ ಕೆಳಗೆ ನೀರು ತೊಟ್ಟಿಕ್ಕುತ್ತದೆ. ಆಯಿ "ಹಾಳಾಯ್ತು, ಆಫ್ ಮಾಡು" ಅಂತ ಗಲಾಟೆ. ನಮ್ಮದೂ ಸೋರ್ತಾ ಇದೆಯಾ ಭಾವ?

ಕುಮಟಾ ಟೂಲ್‌ಬಾಕ್ಸ್:

ಎರಡೂ ಸರಿಯಾಗಿವೆ, ಆಯಿಗೆ ಹೇಳಿ. ಹೀಟ್ ಮೋಡಿನಲ್ಲಿ ಗ್ಯಾಸ್ ಉಲ್ಟಾ ಸುತ್ತುತ್ತದೆ. ಒಳಗಿನ ಕಾಯಿಲ್ ಬಿಸಿ, ಹೊರಗಿನದ್ದು ತಂಪು. ಒಳಗಿನದ್ದು ಬಿಸಿಯಾಗುವವರೆಗೆ ಫ್ಯಾನ್ ತಡೆದು ಇಡುತ್ತದೆ, ಇಲ್ಲದಿದ್ದರೆ ಆಯಿ ಮೇಲೆ ತಣ್ಣನೆ ಗಾಳಿ ಬೀಸುತ್ತದಲ್ಲ. ಹೊರಗಿನ ನೀರು ಗಾಳಿಯ ತೇವ. ಎಷ್ಟೇ ಹೊತ್ತಾದರೂ ತಣ್ಣನೆ ಗಾಳಿಯೇ ಬಂದರೆ ಮಾತ್ರ ದಿಕ್ಕು ಬದಲಿಸುವ ವಾಲ್ವ್ ನೋಡಿಸಬೇಕು.

ಅಂಕೋಲಾ ಈಶಾಡು:

ಕರೆಂಟ್ ಬಿಲ್ ಹೇಗೆ ಬಂತು ಶಿರಸಿಯವರೇ? ನಮ್ಮಲ್ಲಿ ಚಳಿ ಅಂದರೆ ಫ್ಯಾನ್ ಒಂದು ನಂಬರ್ ಕಡಿಮೆ ಮಾಡೋದು ಅಷ್ಟೇ.

ಶಿರಸಿ ಮಳೆಗಾಲ:

ಕಾಯಿಲ್ ಹೀಟರ್ ಇಟ್ಟಾಗ ಬಂದದ್ದಕ್ಕಿಂತ ಕಡಿಮೆ. ನಿಜ ಹೇಳಬೇಕಂದ್ರೆ ನಮಗೆ ಜಾಸ್ತಿ ಉಪಯೋಗ ಆಗಿದ್ದು ಜುಲೈ, ಆಗಸ್ಟಿನಲ್ಲಿ. ಡ್ರೈ ಮೋಡಿಗೆ ಹಾಕಿದರೆ ಆ ಒಂದು ರೂಮಿನ ಬಟ್ಟೆ, ಹಾಸಿಗೆಗೆ ಬೂಸಲು ಹಿಡಿಯಲಿಲ್ಲ. ಅಡಿಕೆ ಲೆಕ್ಕದ ಪುಸ್ತಕವೂ ಈಗ ಅಲ್ಲೇ ಇದೆ.

ಕೋಡಿಬಾಗದವ:

ಹನ್ನೊಂದು ದಿನ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. ಬೇರೆ ಮೆಕ್ಯಾನಿಕ್ ಕರೆಸಿದೆ. ಹೊರಗಿನ ಯೂನಿಟ್ಟಿನ ಹತ್ತಿರ ತೆಳು ಪೈಪಿನ ಫ್ಲೇರ್ ನಟ್ಟಿನ (ಪೈಪಿನ ಅಗಲಿಸಿದ ಬಾಯನ್ನ ಬಿಗಿದು ಹಿಡಿಯುವ ನಟ್ಟು) ಸುತ್ತ ಎಣ್ಣೆ ಜಿಡ್ಡು ಇತ್ತು, ನೊರೆ ಹಚ್ಚಿದ ಕೂಡಲೇ ಗುಳ್ಳೆ. ನಟ್ ಬಿಚ್ಚಿದರೆ ಪೈಪಿನ ಬಾಯಲ್ಲಿ ಕೂದಲೆಳೆಯಷ್ಟು ಬಿರುಕು, ಹಾಕಿಸಿದ ದಿನವೇ ಜಾಸ್ತಿ ಬಿಗಿ ಮಾಡಿರಬೇಕು ಅಂದ. ಎರಡು ವರ್ಷ ಯಾರೂ ಆ ನಟ್ಟನ್ನ ನೋಡಿರಲಿಲ್ಲ. ತುದಿ ಕತ್ತರಿಸಿ ಹೊಸ ಫ್ಲೇರ್ ಮಾಡಿ ನೈಟ್ರೋಜನ್ ಹಾಕಿ ರಾತ್ರಿ ಬಿಟ್ಟ, ಮರುದಿನ ವ್ಯಾಕ್ಯೂಮ್ ಮಾಡಿ ತೂಕದ ಗ್ಯಾಸ್ ತುಂಬಿದ. ಈಗ ತೆಳು ಪೈಪಿನ ಮೇಲೆ ಐಸ್ ಇಲ್ಲ, ದಪ್ಪ ಪೈಪ್ ತಣ್ಣಗೆ ಬೆವರುತ್ತಿದೆ, ಗೋಡೆಯೂ ಒಣಗಿದೆ.

ಆದರೆ ರೆಕ್ಕೆಗಳ ಪಶ್ಚಿಮದ ಮಗ್ಗುಲು ಮುಟ್ಟಿದರೆ ಪುಡಿ. ಇನ್ನೆರಡು ವರ್ಷ ಬರಬಹುದು ಅಂದ. ಮಳೆಗಾಲ ಶುರುವಾಗುವ ಮೊದಲು ಯೂನಿಟ್ಟನ್ನ ಪೂರ್ವದ ಗೋಡೆಗೆ ಸರಿಸೋಣ ಅಂತ ಇದ್ದೇನೆ. ಪೈಪ್ ಸುಮಾರು 4 ಮೀಟರ್ ಉದ್ದ ಆಗುತ್ತದೆ, ಗ್ಯಾಸ್ ಮತ್ತೆ ಹಾಕಬೇಕಾ?

ಕುಮಟಾ ಟೂಲ್‌ಬಾಕ್ಸ್:

ಮ್ಯಾನುವಲ್ ನೋಡಿ. ಇಷ್ಟು ಮೀಟರಿನವರೆಗೆ ಕಂಪನಿ ತುಂಬಿದ ಗ್ಯಾಸ್ ಸಾಕು, ಆಮೇಲೆ ಮೀಟರಿಗೆ ಇಷ್ಟು ಗ್ರಾಂ ಅಂತ ಬರೆದಿರುತ್ತದೆ, ಒಂದೊಂದು ಮಾಡೆಲ್ಲಿಗೆ ಒಂದೊಂದು ಲೆಕ್ಕ. ಬಿಚ್ಚುವ ಮೊದಲು ಇರೋ ಗ್ಯಾಸನ್ನ ಹೊರಗಿನ ಯೂನಿಟ್ಟಿಗೇ ಎಳೆದುಕೊಂಡು ವಾಲ್ವ್ ಮುಚ್ಚೋಕೆ ಹೇಳಿ, ಗಾಳಿಗೆ ಬಿಡೋದು ಬೇಡ. ಪೂರ್ವದ ಗೋಡೆಯಲ್ಲಿ ಹಿಂದೆ ಒಂದು ಗೇಣು ಜಾಗ ಬಿಡಿ. ಸ್ಟ್ಯಾಂಡು ಕಬ್ಬಿಣದ್ದಾದರೆ ಅದನ್ನೂ ಈಗಲೇ ಬದಲಿಸಿ, ಕೋಡಿಬಾಗದಲ್ಲಿ ಯೂನಿಟ್ಟಿಗಿಂತ ಮೊದಲು ಬೀಳೋದು ಅದೇ.