ಇನ್ನೋವಾ ಹ್ಯಾಂಡ್‌ಬ್ರೇಕ್ ಏರಿನಲ್ಲಿ ನಿಲ್ಲುತ್ತಿಲ್ಲ, ಬ್ರೇಕ್ ಶೂ ಮನೆಯಲ್ಲೇ ಬದಲಿಸಬಹುದಾ?

ನಾಲೆ ಬದಿ (ಮಂಡ್ಯ):
ನಮಸ್ಕಾರ. ನಮ್ಮದು 2011ರ ಇನ್ನೋವಾ, ಹಿಂದೆ ಎರಡೂ ಕಡೆ ಡ್ರಮ್ ಬ್ರೇಕ್. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆ. ಮೊನ್ನೆ ಚಾಮುಂಡಿ ಬೆಟ್ಟದಲ್ಲಿ ನಂದಿಗೆ ಹೋಗುವ ತಿರುವಿನಲ್ಲಿ ನಿಲ್ಲಿಸಿದಾಗ ಲಿವರ್ ಪೂರ್ತಿ ಎಳೆದರೂ ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿತು. ಅಮ್ಮ ಇಳಿಯುತ್ತಿದ್ದರು, ಜೀವ ಬಾಯಿಗೆ ಬಂತು. ಗ್ಯಾರೇಜ್ ಒಂದರಲ್ಲಿ ಕೇಬಲ್ ಬಿಗಿ ಮಾಡಿಕೊಟ್ಟರು. ಸ್ವಲ್ಪ ದಿನ ಸರಿಯಿತ್ತು, ಈಗ ಮತ್ತೆ ಅದೇ ಕಥೆ. ಗಾಡಿ ದಿನಾ ನಾಲೆ ಏರಿ ಮೇಲೆ ಗದ್ದೆಗೆ ಹೋಗುತ್ತದೆ, ಮಳೆಗಾಲದಲ್ಲಿ ಅರ್ಧ ಚಕ್ರ ಕೆಸರಿನಲ್ಲೇ ಇರುತ್ತದೆ. ಸ್ಪಾನರ್ ಸೆಟ್ ಇದೆ, ಜಾಕ್ ಇದೆ. ಶೂ ನಾನೇ ಬದಲಿಸೋಣ ಅಂತಿದ್ದೇನೆ. ಏನೇನು ಗಮನಿಸಬೇಕು?

ಕುವೆಂಪುನಗರದವ:
ಶೂ ಬಿಚ್ಚೋದು ದೊಡ್ಡ ರಗಳೆ ಅಣ್ಣ. ಕೇಬಲ್ ಇನ್ನೆರಡು ಸುತ್ತು ಬಿಗಿ ಮಾಡಿ ನೋಡಿ.

ಅಶೋಕಪುರಂ ಫಿಟ್ಟರ್:
ದಯವಿಟ್ಟು ಕೇಬಲ್ ಮುಟ್ಟಬೇಡಿ. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು. ಮನೆಯ ಗಾಡಿಗಳ ಕೆಲಸವನ್ನೂ ನಾನೇ ಮಾಡಿಕೊಳ್ಳುತ್ತೇನೆ. ಈ ವಿಷಯ ಸ್ವಲ್ಪ ಉದ್ದಕ್ಕೆ ಹೇಳಲೇಬೇಕು.

ಶೂ ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಭಾಗ. ನಿಮ್ಮ ಗಾಡಿಯಲ್ಲಿ ಕಾಲಿನ ಬ್ರೇಕಿಗೂ ಕೈ ಬ್ರೇಕಿಗೂ ಹಿಂದಿನ ಶೂ ಒಂದೇ. ಶೂ ಸವೆದ ಹಾಗೆಲ್ಲ ಒಳಗಿನ ಅಡ್ಜಸ್ಟರ್ ತಾನಾಗಿ ತಿರುಗಿ ಅಂತರ ಮುಚ್ಚಬೇಕು. ಕೆಸರು ನೀರು ಹೊಕ್ಕು ಅದು ತುಕ್ಕು ಹಿಡಿದರೆ ತಿರುಗುವುದಿಲ್ಲ, ಲಿವರ್ ಮೇಲೆ ಮೇಲೆ ಬರುತ್ತದೆ. ಆಗ ಕೇಬಲ್ ಎಳೆದು ಬಿಗಿ ಮಾಡಿದರೆ ರೋಗ ಮುಚ್ಚಿಹೋಗುತ್ತದೆ ಅಷ್ಟೆ. ತೀರಾ ಬಿಗಿಯಾದರೆ ಶೂ ಯಾವಾಗಲೂ ಡ್ರಮ್ಮಿಗೆ ಉಜ್ಜಿ ಕಾಯುತ್ತದೆ. ಮೊದಲು ಶೂ, ಆಮೇಲೆ ಕೇಬಲ್. ಈ ಕ್ರಮ ತಪ್ಪಬಾರದು.

ಈಗ ಜೀವದ ಮಾತು. ನಿಮ್ಮ ಇನ್ನೋವಾದಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಡ್ರಮ್ ಬಿಚ್ಚಲು ಹ್ಯಾಂಡ್‌ಬ್ರೇಕ್ ಇಳಿಸಲೇಬೇಕು. "ಗೇರಿನಲ್ಲಿದೆ, ಎಲ್ಲಿ ಹೋಗುತ್ತೆ" ಅಂತ ಹಿಂದಿನ ಒಂದು ಚಕ್ರ ಎತ್ತಿದರೆ, ಎತ್ತಿದ ಚಕ್ರ ಸುಮ್ನೆ ಉಲ್ಟಾ ತಿರುಗುತ್ತದೆ, ನೆಲದ ಮೇಲಿರುವುದು ಉರುಳುತ್ತದೆ. ಎರಡೂ ಚಕ್ರಕ್ಕೆ ಎಂಜಿನ್ ಶಕ್ತಿ ಹಂಚುವ ಡಿಫರೆನ್ಷಿಯಲ್ ಇರುವುದೇ ಹಾಗೆ. ಗೇರು ಗಾಡಿಯನ್ನು ಹಿಡಿಯುವುದಿಲ್ಲ. ಅದಕ್ಕೇ ಸಮತಟ್ಟಾದ ಗಟ್ಟಿ ನೆಲ ಬೇಕು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ದಿಮ್ಮಿ ಕೊಡಿ. ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಕೆಳಗೆ ಗಾಡಿಯ ಭಾರ ಹೊರುವ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸ ಶುರು ಮಾಡಲೇಬೇಡಿ, ಕೈ ಮುಗಿದು ಕೇಳುತ್ತೇನೆ.

ಡ್ರಮ್ ಅಂಟಿಕೊಂಡಿದ್ದರೆ ಸುತ್ತಿಗೆಯಲ್ಲಿ ಬಡಿಯಬೇಡಿ. ಡ್ರಮ್ಮಿನ ಮುಖದಲ್ಲಿ ಮರೆ (ಸ್ಕ್ರೂ ಥ್ರೆಡ್) ಇರುವ ಎರಡು ಸಣ್ಣ ತೂತು ಇರುತ್ತವೆ. 8 ಎಂಎಂ ಬೋಲ್ಟ್ ಎರಡು ಹಾಕಿ, ಒಂದಾದ ಮೇಲೊಂದು ಸಮನಾಗಿ ಬಿಗಿ ಮಾಡಿದರೆ ಡ್ರಮ್ ತಾನೇ ಈಚೆ ಬರುತ್ತದೆ. ಒಳಗಿನ ಧೂಳನ್ನು ಬಾಯಿಯಲ್ಲಾಗಲಿ ಪಂಪಿನಲ್ಲಾಗಲಿ ಊದಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರಿನಿಂದ ನೆನೆಸಿ ಒರೆಸಿ. ಡ್ರಮ್ ಹೊರಗಿದ್ದಾಗ ಬ್ರೇಕ್ ಪೆಡಲ್ ಒತ್ತಲೇಬಾರದು, ಶೂ ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಮಕ್ಕಳನ್ನು ಗಾಡಿಯೊಳಗೆ ಬಿಡಬೇಡಿ.

ಬಿಚ್ಚಿದ ತಕ್ಷಣ ಹೊಸ ಶೂ ಹಾಕುವ ಆತುರ ಬೇಡ. ಮೊದಲು ಹಳೇ ಶೂ ಒದ್ದೆ ಇದೆಯಾ ನೋಡಿ. ಬರೀ ಸವೆದಿದ್ದರೆ ಲೈನಿಂಗ್ (ಶೂ ಮೇಲಿನ ಉಜ್ಜುವ ಪದರ) ತೆಳ್ಳಗೆ, ಒಣಗಿ ಇರುತ್ತದೆ. ಮಂದವಾದ ಎಣ್ಣೆಯ ಪಸೆ, ಗಂಧಕದಂಥ ವಾಸನೆ ಇದ್ದರೆ ಅದು ಎಣ್ಣೆ ತಡೆಯುವ ಆಕ್ಸಲ್ ಸೀಲ್ ದಾಟಿ ಬಂದ ಗೇರ್ ಆಯಿಲ್. ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿ ಎತ್ತಿದಾಗ ಒಳಗೆ ತೇವ ಇದ್ದರೆ ಬ್ರೇಕ್ ಆಯಿಲ್. ಯಾವುದೇ ಆಗಲಿ, ಸೋರುವುದನ್ನು ನಿಲ್ಲಿಸದೆ ಹೊಸ ಶೂ ಹಾಕಿದರೆ ದುಡ್ಡು ದಂಡ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಕಾದಾಗ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಬೇಡ.

ಡ್ರಮ್ ಮೇಲೆ ಗರಿಷ್ಠ ವ್ಯಾಸ ಅಚ್ಚಾಗಿರುತ್ತದೆ. ಅದಕ್ಕಿಂತ ಜಾಸ್ತಿ ಸವೆದಿದ್ದರೆ ಡ್ರಮ್ಮೂ ಹೊಸದೇ.

ಒಂದು ಕಡೆ ಪೂರ್ತಿ ಜೋಡಿಸುವ ತನಕ ಇನ್ನೊಂದು ಕಡೆ ಬಿಚ್ಚಬೇಡಿ. ಸ್ಪ್ರಿಂಗ್ ಎಲ್ಲಿ ಕೂರಬೇಕು ಅನ್ನುವುದಕ್ಕೆ ಅದೇ ಮಾದರಿ. ಎಡ ಬಲದ ಅಡ್ಜಸ್ಟರ್ ಮರೆ ಬೇರೆ ಬೇರೆ, ಅದಲು ಬದಲಾದರೆ ಅಂತರ ಮುಚ್ಚುವ ಬದಲು ಬಿಡುತ್ತಾ ಹೋಗುತ್ತದೆ. ಸ್ಪ್ರಿಂಗ್ ಎಳೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಹಿಂದಿನ ತಗಡಿನ ಮೇಲೆ ಶೂ ಅಂಚು ಉಜ್ಜುವ ಜಾಗಕ್ಕೆ ಮಾತ್ರ, ಶಾಖ ತಡೆಯುವ ಬ್ರೇಕ್ ಗ್ರೀಸ್ ತೆಳ್ಳಗೆ ಸವರಿ. ಮಾಮೂಲಿ ಗ್ರೀಸ್ ಕರಗಿ ಲೈನಿಂಗಿಗೆ ಇಳಿಯುತ್ತದೆ. ಶೂ ಎರಡೂ ಕಡೆ ಒಟ್ಟಿಗೆ ಬದಲಿಸಿ.

ಕೊನೆಗೆ ಗೇರ್ ನ್ಯೂಟ್ರಲ್ಲಿಗೆ ತಂದು, ಡ್ರಮ್ ಹಾಕಿ ಕೈಯಲ್ಲಿ ತಿರುಗಿಸಿ. ಸಣ್ಣಗೆ ಉಜ್ಜುವ ತನಕ ಅಡ್ಜಸ್ಟರ್ ಬಿಗಿ ಮಾಡಿ, ಆಮೇಲೆ ಸರಾಗ ತಿರುಗುವಷ್ಟು ಬಿಡಿ. ಪೆಡಲ್ ನಾಲ್ಕಾರು ಸಲ ಒತ್ತಿ, ಲಿವರ್ ಎಳೆದು ಬಿಟ್ಟು ನೋಡಿ. ಕೇಬಲ್ ಹೊಂದಿಸುವುದು ಇದಾದ ಮೇಲೆ.

ಬೆಟ್ಟದ ಪಾದ:
ನಾನು ಬೆಟ್ಟಕ್ಕೆ ಗಾಡಿ ಓಡಿಸುವವಳು. ಇಳಿಜಾರಿನಲ್ಲಿ ನಿಲ್ಲಿಸುವಾಗ ಕಾಲಿನ ಬ್ರೇಕ್ ಒತ್ತಿ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ಪೆಡಲ್ ನಿಧಾನಕ್ಕೆ ಬಿಟ್ಟು ನಿಂತಿತಾ ನೋಡಿ. ಆಮೇಲೆ ಗೇರ್ ಹಾಕಿ. ಮುಂದಿನ ಚಕ್ರ ರಸ್ತೆ ಅಂಚಿಗೆ ತಿರುಗಿಸಿಡಿ. ವಯಸ್ಸಾದವರು ಇಳಿಯುವುದು ಇಷ್ಟೆಲ್ಲ ಆದ ಮೇಲೆ.

ನಾಲೆ ಬದಿ (ಮಂಡ್ಯ):
ಫಿಟ್ಟರ್ ಸಾರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಸ್ಟ್ಯಾಂಡ್ ಕೊಂಡು ತಂದು ಬಿಚ್ಚಿದೆ. ಬಲಗಡೆ ಒಣಗಿದೆ, ಅಡ್ಜಸ್ಟರ್ ಮಾತ್ರ ತುಕ್ಕು ಹಿಡಿದು ಕೂತಿದೆ. ಎಡಗಡೆ ಲೈನಿಂಗ್ ಪೂರ್ತಿ ಕಪ್ಪು ಎಣ್ಣೆ, ಗಂಧಕದ ವಾಸನೆ. ಸೀಲ್ ನಾನೇ ಹಾಕಬಹುದಾ?

ಅಶೋಕಪುರಂ ಫಿಟ್ಟರ್:
ಬೇಡ ತಮ್ಮಾ. ಆಕ್ಸಲ್ ಹೊರಗೆ ಎಳೆಯಬೇಕು, ಅದು ನೀವೇ ಮನೆ ಮುಂದೆ ಮಾಡುವ ಕೆಲಸ ಅಲ್ಲ. ಗ್ಯಾರೇಜಿನವರಿಂದ ಸೀಲ್ ಹಾಕಿಸಿ, ಡ್ರಮ್ ಎಣ್ಣೆ ಹೋಗುವ ಹಾಗೆ ತೊಳೆಸಿ. ಗಾಡಿ ಓಡಿಸಿಕೊಂಡು ಹೋಗಬೇಡಿ, ಅವರನ್ನೇ ಕರೆಸಿ ಇಲ್ಲವೇ ಎಳೆಸಿ. ಇನ್ನೊಂದು ಮುಖ್ಯ. ಆಕ್ಸಲ್ ಹೌಸಿಂಗ್ ಮೇಲೆ ಗಾಳಿಯಾಡಲು ಬ್ರೀದರ್ ಇರುತ್ತದೆ. ಗದ್ದೆ ಕೆಸರು ಕೂತು ಅದು ಮುಚ್ಚಿದ್ದರೆ, ಎಣ್ಣೆ ಕಾದಾಗ ಒಳಗಿನ ಒತ್ತಡ ಸೀಲನ್ನೇ ದಾಟಿ ಎಣ್ಣೆ ತಳ್ಳುತ್ತದೆ. ಅದನ್ನು ಬಿಚ್ಚಿ ತೊಳೆಯದಿದ್ದರೆ ಹೊಸ ಸೀಲೂ ಸೋರುತ್ತದೆ. ಆಕ್ಸಲ್ ಎಣ್ಣೆ ಮಟ್ಟ ನೋಡಿಸಿ, ಅದು ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ.

ನಾಲೆ ಬದಿ (ಮಂಡ್ಯ):
ಬ್ರೀದರ್ ನೋಡಿದೆ ಸಾರ್, ಮಣ್ಣು ಗಟ್ಟಿಯಾಗಿ ಕೂತಿದೆ. ನಾಳೆ ಬೆಳಿಗ್ಗೆ ಮೆಕ್ಯಾನಿಕ್ ಮನೆಗೇ ಬರುತ್ತಾರೆ. ಶೂ ಎರಡೂ ಕಡೆಗೆ, ಬಲಗಡೆಗೆ ಹೊಸ ಅಡ್ಜಸ್ಟರ್ ತಂದಿಟ್ಟಿದ್ದೇನೆ. ಸೀಲ್ ಕೆಲಸ ಅವರದು, ಉಳಿದದ್ದು ನಾನೇ ಜೋಡಿಸುತ್ತೇನೆ.